ತೊಳೆಯದೆ ಉಳಿದ ಚೌಕ

ಗಾಜು ಒರೆಸಲು ಹಳೆಯ ಪತ್ರಿಕೆಗಿಂತ ಒಳ್ಳೆಯ ಬಟ್ಟೆ ಇನ್ನೂ ಹುಟ್ಟಿಲ್ಲವೆಂದು ಮಿಂಕಾ ಹೇಳುತ್ತಿದ್ದಳು. ಬಕೆಟ್ಟಿನ ಬಿಸಿನೀರಿಗೆ ಒಂದಿಷ್ಟು ವಿನೆಗರ್, ಕೈಯಲ್ಲಿ ಮುದ್ದೆ ಮಾಡಿದ ಕಾಗದ, ಅಷ್ಟೇ. ಆದರೆ ಮುದ್ದೆ ಮಾಡುವ ಮೊದಲು ಅವಳು ಪತ್ರಿಕೆಯನ್ನು ಬಿಡಿಸಿ, ಹಿಂದಿನ ಪುಟಗಳಲ್ಲಿ ಒಂದನ್ನು ಹುಡುಕಿ, ಅದನ್ನು ಮಾತ್ರ ಬೇರೆಯಾಗಿ ತೆಗೆದಿಡುತ್ತಿದ್ದಳು. ತೀರಿಹೋದವರ ಪುಟ ಅದು. ಕಪ್ಪು ಅಂಚಿನ ಪುಟ್ಟ ಚೌಕಗಳಲ್ಲಿ ರೂಸೆ ಪಟ್ಟಣದ ಮುಖಗಳು: ಟೈ ಕಟ್ಟಿದವರು, ತಲೆಗೆ ಬಟ್ಟೆ ಸುತ್ತಿದವರು, ಯಾರದೋ ಮದುವೆಯ ಫೋಟೋದಿಂದ ಕತ್ತರಿಸಿ ತೆಗೆದವರು.

“ಸತ್ತವರ ಮುಖದಲ್ಲಿ ಕಿಟಕಿ ಒರೆಸೋಕಾಗುತ್ತೇನೇ?” ಎಂದು ಅವಳು ಒಮ್ಮೆ ಜೊತೆ ಕೆಲಸದ ರಾಯ್ನಾಳನ್ನು ಗದರಿದ್ದಳು. “ನಾಳೆ ನಾನೇ ಆ ಪುಟದಲ್ಲಿದ್ರೆ? ನನ್ನ ಮೂಗಲ್ಲಿ ಹಲ್ಲಿನ ಡಾಕ್ಟರ ಗಾಜು ಉಜ್ತೀಯಾ?”

“ಉಜ್ತೀನಿ. ಅಷ್ಟು ಉದ್ದದ ಮೂಗು, ಮೂಲೆಮೂಲೆಗೂ ಹೋಗುತ್ತೆ.”

ಇಬ್ಬರೂ ಬಕೆಟ್ಟಿನ ಪಕ್ಕ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಈಗ ಮಿಂಕಾಳ ಮುಖ ಪತ್ರಿಕೆಯ ಆ ಪುಟದಲ್ಲಿ ಬಂದು ಹೋಗಿ ತಿಂಗಳಾಗಿತ್ತು. ಅದೇ ಮುಖ, ಅದೇ ಕಪ್ಪು ಅಂಚು, ಒಂದು ಹಾಳೆಯಾಗಿ ಅವರಿಬ್ಬರೂ ಕೆಲಸ ಮಾಡಿದ ಕಟ್ಟಡದ ಹೆಬ್ಬಾಗಿಲ ಪಕ್ಕದ ಕಲ್ಲಿನ ಮೇಲೂ ಅಂಟಿಕೊಂಡಿತ್ತು. ಅದನ್ನು ಕೆರೆದು ತೆಗೆಯಬೇಕೆಂದು ಈ ವಸಂತದ ದೊಡ್ಡ ತೊಳೆತದ ವಾರದಲ್ಲಿ ರಾಯ್ನಾಳಿಗೆ ಅಪ್ಪಣೆಯಾಯಿತು.

ರಾಯ್ನಾ ಮಾತೆವಾ, ಲೋಮ್ ಹೊಳೆಯ ಬದಿಯ ಹಳ್ಳಿಯವಳು. ಹದಿಹರೆಯದಲ್ಲಿ ಪಟ್ಟಣಕ್ಕೆ ಬಂದದ್ದು ಟಾರ್ಪಾಲು ನೇಯುವ ಕಾರ್ಖಾನೆಗೆ. ಅವಳ ಮಗ್ಗದ ಎದುರು ಮಗ್ಗ ಮಿಂಕಾಳದು. ಅಲ್ಲಿನ ಸದ್ದಿನಲ್ಲಿ ಕೂಗಿದರೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಇಬ್ಬರೂ ಒಬ್ಬರ ತುಟಿ ಒಬ್ಬರು ಓದುವುದನ್ನು ಕಲಿತರು. ಯಾರ ಗಂಡ ಕುಡಿದು ಬಂದ, ಯಾವ ಅಂಗಡಿಗೆ ಕಿತ್ತಳೆ ಹಣ್ಣು ಬಂದಿದೆ, ಮೇಲ್ವಿಚಾರಕನ ವಿಗ್ಗು ಇವತ್ತು ಎಷ್ಟು ಸೊಟ್ಟಗಿದೆ, ಎಲ್ಲವೂ ಸದ್ದಿಲ್ಲದೆ ಮಗ್ಗದ ಮೇಲಿಂದ ಹಾರಿಹೋಗಿ ತಲುಪುತ್ತಿತ್ತು. ಕಾರ್ಖಾನೆ ಮುಚ್ಚಿದಾಗ ಇಬ್ಬರೂ ಒಂದೇ ದಿನ ಹೊರಗೆ ಬಂದರು. ನದಿಗೆ ಹೋಗುವ ಬೀದಿಯ ಈ ಹಳೆಯ ಕಟ್ಟಡಕ್ಕೆ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದ್ದೂ ಒಂದೇ ದಿನ.

ಐದು ಮಹಡಿಯ ಕಟ್ಟಡ. ಯಾವುದೋ ಕಾಲದ ಧಾನ್ಯದ ವ್ಯಾಪಾರಿ ಕಟ್ಟಿಸಿದ್ದು. ಕೆಳಗೆ ಪರದೆ ಬಟ್ಟೆಯ ಅಂಗಡಿ, ಮೇಲೆ ನೋಟರಿ, ಹಲ್ಲಿನ ಡಾಕ್ಟರು, ಲೆಕ್ಕಪತ್ರದವರು, ಜರ್ಮನ್ ಕಲಿಸುವವರು. ಹೆಬ್ಬಾಗಿಲ ಮೇಲಿನ ಬಾಲ್ಕನಿಯನ್ನು ಇಬ್ಬರು ಕಲ್ಲಿನ ಹೆಂಗಸರು ಹೆಗಲ ಮೇಲೆ ಹೊತ್ತು ನಿಂತಿದ್ದಾರೆ. ಚಳಿಗಾಲದ ಒಲೆಗಳ ಹೊಗೆ ವರ್ಷ ವರ್ಷ ಕೂತು ಅವರ ಮುಖ ಮಸಿಯಾಗಿತ್ತು. “ನಮ್ಮ ಓರಗಿತ್ತಿಯರು,” ಎನ್ನುತ್ತಿದ್ದಳು ಮಿಂಕಾ, “ಹೊತ್ತು ಹೊತ್ತು ಬೆನ್ನು ಮುರೀತಿದ್ರೂ ಒಂದು ಮಾತಾಡಲ್ಲ ನೋಡು. ಅದಕ್ಕೇ ಇಟ್ಕೊಂಡಿದಾರೆ.”

ವಸಂತದ ದೊಡ್ಡ ತೊಳೆತ ಬರುವುದು ಈಸ್ಟರಿಗೆ ಮುಂಚೆ. ಹೀಟರುಗಳು ಆರಿದ ಮೇಲೆ ಅವುಗಳ ಪಕ್ಕೆಲುಬಿನ ಸಂದಿಯಿಂದ ಚಳಿಗಾಲದ ಧೂಳನ್ನು ಬಾಟಲಿ ಬ್ರಷ್ಷಿನಲ್ಲಿ ಎಳೆಯಬೇಕು. ಕಾರಿಡಾರಿನ ಕಾರ್ಪೆಟ್ಟುಗಳನ್ನು ಹಿತ್ತಲಿನ ಕಬ್ಬಿಣದ ಕಂಬಿಗೆ ಹಾಕಿ ಬಡಿಯಬೇಕು. ದೀಪದ ಬುರುಡೆಗಳಿಂದ ಸತ್ತ ನೊಣಗಳನ್ನು ಸುರಿಯಬೇಕು. ಎಲ್ಲಕ್ಕಿಂತ ದೊಡ್ಡದು ಕಿಟಕಿಗಳ ಕೆಲಸ. ಹಳೆಯ ಮರದ ಕಿಟಕಿಗಳಿಗೆ ಎರಡು ಪದರ. ಗಾಳಿ ನುಗ್ಗದಂತೆ ಶರತ್ಕಾಲದಲ್ಲಿ ನಡುವೆ ತುರುಕಿದ ಹತ್ತಿಯನ್ನು ವಸಂತದಲ್ಲಿ ತೆಗೆದರೆ ಅದು ಸತ್ತ ಬೆಕ್ಕಿನ ಹಾಗೆ ಬೂದು ಬಣ್ಣದ್ದಾಗಿ ಕೈಗೆ ಬರುತ್ತದೆ. ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಹೊರಗಿನ ಅಂಚಿನ ಮೇಲೆ ನಿಲ್ಲುವವಳು ಮಿಂಕಾ. ಒಳಗೆ ರಾಯ್ನಾ. ನಡುವೆ ಗಾಜು. ಸದ್ದು ದಾಟದು, ಮತ್ತೆ ತುಟಿಗಳೇ.

ಒಂದು ಕಲೆ ಉಳಿದಿರುತ್ತದೆ. ರಾಯ್ನಾ ಉಜ್ಜುತ್ತಾಳೆ, ಹೋಗುವುದಿಲ್ಲ. ಬೆರಳು ತೋರಿಸಿ, “ನಿನ್ನ ಕಡೆ.” ಮಿಂಕಾ ಉಜ್ಜುತ್ತಾಳೆ, ಹೋಗುವುದಿಲ್ಲ. “ನಿನ್ನ ಕಡೆನೇ, ಕುರುಡಿ!” ಹೀಗೆ ಇಪ್ಪತ್ತಕ್ಕೂ ಹೆಚ್ಚು ವಸಂತ ಅವರು ಗಾಜಿನ ಎರಡು ಬದಿಯಲ್ಲಿ ನಿಂತು ಜಗಳವಾಡಿದ್ದರು.

ಈ ಮಾರ್ಚ್ ಒಂದರಂದು ಎಲ್ಲರಂತೆ ಮಿಂಕಾ ಕೂಡ ಕೆಂಪು-ಬಿಳಿ ದಾರ ಹೊಸೆದು ತಂದು ರಾಯ್ನಾಳ ಮಣಿಕಟ್ಟಿಗೆ ಕಟ್ಟಿದಳು. ಮೊದಲ ಹೂಮರ ಕಂಡ ದಿನ ಬಿಚ್ಚಿ ಅದರ ಕೊಂಬೆಗೆ ಕಟ್ಟುವ ದಾರ. ಎಂಟರಂದು ಮಹಿಳಾ ದಿನ. ಕಟ್ಟಡದ ಮ್ಯಾನೇಜರ್ ಕಲೋಯನ್ ಬೋನೆವ್ ಕಚೇರಿ ಕಚೇರಿಗೆ ಹೋಗಿ ಹೆಂಗಸರಿಗೆಲ್ಲ ಒಂದೊಂದು ಟ್ಯೂಲಿಪ್ ಹಂಚಿದ. ಮೆಟ್ಟಿಲು ಒರೆಸುತ್ತಿದ್ದ ಇಬ್ಬರು ಅವನ ಕಣ್ಣಿಗೆ ಹೆಂಗಸರಾಗಿ ಕಾಣಲಿಲ್ಲ. ಸಂಜೆ ಉದುರಿದ ಎಸಳುಗಳನ್ನು ಗುಡಿಸಿದವರು ಅವರೇ. “ನೋಡು, ನಮಗೇ ಜಾಸ್ತಿ ಸಿಕ್ತು,” ಎಂದು ಮಿಂಕಾ ಮೊರ ಎತ್ತಿ ತೋರಿಸಿದ್ದಳು.

ಅದಾದ ಮರುದಿನ ಬೆಳಿಗ್ಗೆ ಕೆಲಸಕ್ಕೆ ಬರುವಾಗ ಟ್ರಾಲಿಬಸ್ಸಿನಲ್ಲಿ ಮಿಂಕಾ ಕಿಟಕಿಗೆ ತಲೆ ಒರಗಿಸಿದಳು. ಕೊನೆಯ ನಿಲ್ದಾಣದಲ್ಲಿ ಚಾಲಕ ಬಂದು ಭುಜ ಮುಟ್ಟಿದಾಗ ನಿದ್ದೆಯಂತೆಯೇ ಇದ್ದಳಂತೆ. ಅವಳ ಗಂಡ ದಿಮೊ ನಿವೃತ್ತನಾಗುವವರೆಗೆ ಓಡಿಸಿದ್ದು ಅದೇ ಮಾರ್ಗದ ಟ್ರಾಲಿಬಸ್ಸನ್ನು.

ನೆನಪಿನ ಹಾಳೆಯನ್ನು ದಿಮೊ ಎಲ್ಲರೂ ಅಂಟಿಸುವ ಕಡೆಗಳಲ್ಲೇ ಅಂಟಿಸಿದ: ಮನೆಯ ಬಾಗಿಲಿಗೆ, ಬಸ್ ನಿಲ್ದಾಣದ ಕಂಬಕ್ಕೆ, ಕೆಲಸದ ಜಾಗದ ಗೋಡೆಗೆ. ಯಾರ ಅನುಮತಿಯನ್ನೂ ಕೇಳಲಿಲ್ಲ. ಅದಕ್ಕೆ ಯಾರೂ ಕೇಳುವುದಿಲ್ಲ. ಮೈದಾ ಹಿಟ್ಟಿನ ಅಂಟು ಸವರಿದ ಹಾಳೆಯ ಒಂದು ಮೂಲೆಯನ್ನು ಬಾಗಿಲು ಕಾಯುವ ಆಗೋಪ್ ಹಿಡಿದ, ಸುಕ್ಕುಗಳನ್ನು ರಾಯ್ನಾ ಅಂಗೈಯಿಂದ ಸವರಿದಳು. ಫೋಟೋದಲ್ಲಿ ಮಿಂಕಾಳ ಕೂದಲು ನದಿಯ ಗಾಳಿಗೆ ಹಾರಿತ್ತು. ಅಂದಿನಿಂದ ಪ್ರತಿದಿನ ಬೆಳಿಗ್ಗೆ ದಿಮೊ ಬಸ್ಸಿಳಿದು ಬಂದು ಆ ಹಾಳೆಯ ಮುಂದೆ ಸ್ವಲ್ಪ ಹೊತ್ತು ನಿಂತು ಹಿಂದಿರುಗುತ್ತಾನೆ. ನಿವೃತ್ತನಾದ ಮೇಲೆ, ಅವಳು ಒಬ್ಬಳೇ ಹೊರಟ ಆ ಕೊನೆಯ ಬೆಳಿಗ್ಗೆಯೊಂದರ ಹೊರತು, ಹೆಂಡತಿಯನ್ನು ಕೆಲಸದ ಬಾಗಿಲವರೆಗೆ ಬಿಟ್ಟು ಹೋಗುವುದು ಅವನ ರೂಢಿ. ಅದನ್ನು ಅವನು ನಿಲ್ಲಿಸಿರಲಿಲ್ಲ.

ಬೋನೆವ್ ಬುಧವಾರ ಬೆಳಿಗ್ಗೆ ಕೆಳಗಿಳಿದು ಬಂದಾಗ ರಾಯ್ನಾ ಬಾಗಿಲ ಹಿತ್ತಾಳೆಯ ಹಿಡಿಕೆ ತಿಕ್ಕುತ್ತಿದ್ದಳು. ಆಗೋಪ್ ತನ್ನ ಗಾಜಿನ ಗೂಡಿನಲ್ಲಿ ಪತ್ರಿಕೆ ಹಿಡಿದು ಕೂತಿದ್ದ.

“ರಾಯ್ನಾ ಚಿಕ್ಕಮ್ಮ, ಶುಕ್ರವಾರ ಯಂತ್ರದವರು ಬಂದು ಹೊರಗಿನ ಗೋಡೆ ಪೂರ್ತಿ ತೊಳೀತಾರೆ. ಅಷ್ಟರೊಳಗೆ ಬಾಗಿಲ ಹತ್ರ ಅಂಟಿಸಿರೋ ಹಾಳುಮೂಳೆಲ್ಲ ಕೆರೆದುಬಿಡಿ.”

“ಯಾವುದು ಹಾಳುಮೂಳು?”

“ಅದೇ, ರೂಮು ಬಾಡಿಗೆಗಿದೆ, ಗಿಟಾರು ಕಲಿಸ್ತೀವಿ, ಹಳೇ ಫ್ರಿಜ್ ಕೊಳ್ತೀವಿ...”

“ಅವೆಲ್ಲ ನಿನ್ನೆನೇ ಹೋದ್ವು.”

“ಇನ್ನೂ ಒಂದಿದೆ.” ಅವನು ಗೋಡೆಯ ಕಡೆ ನೋಡಲಿಲ್ಲ, ತನ್ನ ಬೂಟಿನ ತುದಿ ನೋಡಿಕೊಂಡ.

“ಒಂದು ಅಂತೀರಲ್ಲ. ಅದಕ್ಕೆ ಹೆಸರಿದೆ.”

“ನೋಡಿ, ನನಗೂ ಬೇಜಾರೇ. ಒಳ್ಳೇ ಹೆಂಗಸು, ಕೆಲಸದೋಳು. ಆದ್ರೆ ಸೋಮವಾರ ವಿಯೆನ್ನಾದಿಂದ ಜನ ಬರ್ತಿದಾರೆ, ಎರಡನೇ ಮಹಡಿ ಪೂರ್ತಿ ತಗೊಳ್ಳೋರು. ಬಾಗಿಲಲ್ಲೇ ಸಾವು ಕಂಡ್ರೆ ಏನಂದ್ಕೋತಾರೆ? ಇದು ವ್ಯವಹಾರದ ಜಾಗ, ಸ್ಮಶಾನದ ಗೇಟಲ್ಲ.”

ರಾಯ್ನಾ ಬಟ್ಟೆಯನ್ನು ಮಡಿಸಿದಳು. ಅವಳಿಗೆ ಸಿಟ್ಟು ಬಂದಾಗ ಕೈಯಲ್ಲಿದ್ದದ್ದನ್ನು ನೀಟಾಗಿ ಮಡಿಸುತ್ತಾಳೆ.

“ದೊಡ್ಡ ಯಜಮಾನ್ರ ಹಾಳೆ ಇತ್ತಲ್ಲ ಇದೇ ಜಾಗದಲ್ಲಿ, ಗಾಜು ಹಾಕಿಸಿ, ಹಿತ್ತಾಳೆ ಚೌಕಟ್ಟು ಹಾಕಿಸಿ? ವರ್ಷಪೂರ್ತಿ ಇತ್ತು. ಆಗ ವ್ಯವಹಾರದೋರು ಯಾರೂ ಬರ್ತಿರ್ಲಿಲ್ವಾ?”

“ಅವರು ಈ ಕಟ್ಟಡದ ಮಾಲೀಕರು, ಚಿಕ್ಕಮ್ಮ.”

“ವರ್ಷಕ್ಕೊಂದ್ಸಲ ಬರೋರು. ಬಂದಾಗ ಮೆಟ್ಟಿಲು ಜಾರುತ್ತೆ ಅಂತ ಬೈಯೋರು. ಆ ಚೌಕಟ್ಟನ್ನ ವಾರವಾರ ತಿಕ್ಕಿದೋಳು ನಾನು. ಮೇಣದಬತ್ತಿ ಆರಿದಾಗೆಲ್ಲ ಹಚ್ಚಿದೋಳು ಮಿಂಕಾ. ಯಾರೂ ಹೇಳಿರ್ಲಿಲ್ಲ ಅವಳಿಗೆ.”

“ಅದು ಬೇರೆ ವಿಷಯ.”

“ಏನು ಬೇರೆ? ಅವರು ಸತ್ತಿದ್ದು ಬೇರೆ ಥರವಾ?”

ಗಾಜಿನ ಗೂಡಿನೊಳಗೆ ಪತ್ರಿಕೆಯ ಹಿಂದೆ ಆಗೋಪ್‌ಗೆ ಕೆಮ್ಮು ಬಂತು.

“ಅವಳು ಹೋಗಿ ಶನಿವಾರಕ್ಕೆ ನಲವತ್ತನೇ ದಿನ,” ಎಂದಳು ರಾಯ್ನಾ. “ಅವಳ ಹೆಸರಲ್ಲಿ ಹಂಚೋಕೆ ದಿಮೊ ಭಾವ ಗೋಧಿ ಬೇಯಿಸ್ಕೊಂಡು ಬರ್ತಾನೆ, ಹೊಸ ಹಾಳೆ ಅಂಟಿಸ್ತಾನೆ. ಅವನು ದಿನಾ ಬಂದು ಇಲ್ಲಿ ನಿಲ್ಲೋದು ನೀವೇ ನೋಡಿದೀರಿ. ಬರಿಗೋಡೆ ಮುಂದೆ ನಿಲ್ಲಿಸ್ತೀರಾ ಅವನನ್ನ? ಹಾಳೇನ ಗಾಳಿ ಮಳೆ ತಗೊಂಡು ಹೋಗಲಿ. ಕೈಯಲ್ಲಿ ಯಾರೂ ಕೀಳಲ್ಲ. ನಿಮ್ಮ ಮನೇಲಿ ಕೀಳ್ತಾರಾ?”

ಆ ಪ್ರಶ್ನೆಗೆ ಬೋನೆವ್‌ನ ಕಿವಿ ಕೆಂಪಾಯಿತು. ಅವನೂ ಇದೇ ಊರಲ್ಲಿ ಬೆಳೆದವನು.

“ಮನೆ ಬಾಗಿಲಿಗೆ ಅಂಟಿಸ್ಕೊಳ್ಳಲಿ, ಯಾರು ಬೇಡ ಅಂದ್ರು? ನೀವು ಕೆರೆದ್ರೆ ಮರ್ಯಾದೆಯಾಗಿ ಹೋಗುತ್ತೆ. ಇಲ್ಲಾಂದ್ರೆ ಯಂತ್ರದ ನೀರಿಗೆ ಹೋಗುತ್ತೆ. ಹಬ್ಬ ಆದ್ಮೇಲೆ ನಿಮ್ಮ ಕೆಲಸದ ವಿಷಯಾನೂ ಕೂತು ಮಾತಾಡೋಣ. ಇಬ್ಬರು ಮಾಡ್ತಿದ್ದ ಕೆಲಸ, ಒಬ್ಬರ ಕೈಲಿ ಆಗುತ್ತೋ ಇಲ್ವೋ.”

ಅವನು ಮೆಟ್ಟಿಲೇರಿ ಹೋದ. ಒರೆಸಿ ಇನ್ನೂ ಒಣಗದ ಮೆಟ್ಟಿಲ ಮೇಲೆ ಅವನ ಬೂಟಿನ ಗುರುತು ಒಂದೊಂದಾಗಿ ಮೂಡಿತು.

“ಸಿಟ್ಟು ಮಾಡ್ಕೋಬೇಡ ತಂಗೀ,” ಎಂದು ಆಗೋಪ್ ಗೂಡಿನಿಂದ ತಲೆ ಹೊರಹಾಕಿದ. “ನಿನಗೆ ಬಿಪಿ ಇದೆ.”

“ಆಗೋಪಣ್ಣ, ನನಗೆ ಬಿಪಿ ಬಂದಿರೋದೇ ಸಿಟ್ಟು ಮಾಡ್ಕೊಳ್ಳದೆ.”

“ಹೊರಗೆ ಪ್ಲಮ್ ಮರಗಳೆಲ್ಲ ಹೂಬಿಟ್ಟು ಉದುರಿಸ್ತಿವೆ. ಇನ್ನೂ ಕೈಗೆ ಆ ದಾರ ಕಟ್ಕೊಂಡೇ ಇದೀಯಲ್ಲ?”

“ನನ್ನ ಕಣ್ಣಿಗೆ ಯಾವ ಹೂವೂ ಬಿದ್ದಿಲ್ಲ,” ಎಂದು ರಾಯ್ನಾ ಬಕೆಟ್ಟು ಎತ್ತಿಕೊಂಡು ಹೋದಳು.

ಎರಡು ದಿನ ಅವಳು ಸಿಟ್ಟಿನಲ್ಲೇ ತೊಳೆದಳು. ಸಿಟ್ಟಿನಲ್ಲಿ ಕಾರ್ಪೆಟ್ಟು ಬಡಿದಳು. ಹಿತ್ತಲಿನ ಪಾರಿವಾಳಗಳು ಹಾರಿಹೋಗಿ ಸಂಜೆಯವರೆಗೆ ಬರಲಿಲ್ಲ. ಯಾರ ಕಾಲಿನ ಕೆಸರು ಇದು? ಯಾರ ಕಾಫಿಯ ಕಲೆ? ಮೇಜಿನಡಿ ಅಂಟಿಸಿದ ಚೂಯಿಂಗ್ ಗಮ್ ಯಾವ ವಿದ್ಯಾವಂತರ ಬಾಯಿಂದ ಬಂದದ್ದು? ಇವರೆಲ್ಲರ ಕೊಳೆಗೆ ಈ ಕಟ್ಟಡದಲ್ಲಿ ಜಾಗವಿದೆ. ಅದನ್ನು ಇಷ್ಟು ವರ್ಷ ಎತ್ತಿದವಳ ಮುಖಕ್ಕೆ ಒಂದು ಹಾಳೆಯಷ್ಟು ಜಾಗವಿಲ್ಲ. ಅವಳಿಗೆ ಅಳು ಬರಲಿಲ್ಲ. ಅಳು ಬಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕಿಟಕಿಗಳ ಒಳಬದಿಯನ್ನು ಅವಳೊಬ್ಬಳೇ ಒರೆಸಿದಳು. ಹೊರಬದಿ ಯಂತ್ರದವರದೆಂದು ಬೋನೆವ್ ಹೇಳಿದ್ದ. ನೋಟರಿಯ ಕಿಟಕಿಯಲ್ಲಿ ಒಂದು ಕಲೆ ಹೋಗಲೇ ಇಲ್ಲ. ಉಜ್ಜಿದಳು, ಉಗುರಿನಲ್ಲಿ ಕೆರೆದಳು, ಬೆರಳೆತ್ತಿ ತೋರಿಸಿದಳು. ತುಟಿ ತಾನಾಗಿ ಆಡಿತು: “ನಿನ್ನ ಕಡೆ.” ಗಾಜಿನಾಚೆ ಬೀದಿಯಿತ್ತು, ಅದರಾಚೆ ನದಿಯ ಬಿಳಿ ಬೆಳಕಿತ್ತು.

ಶುಕ್ರವಾರ ಯಂತ್ರದವರು ಬಂದರು. ಇಬ್ಬರು; ದಪ್ಪ ರಬ್ಬರು ಬೂಟು, ಒಂದು ವ್ಯಾನು, ಹಾವಿನಂಥ ಪೈಪು, ನಿಂತು ತೊಳೆಯಲು ಏರಿಳಿಯುವ ಕಬ್ಬಿಣದ ಮಂಚ. ಬೋನೆವ್ ಅವರಿಗೆ ಮೇಲಿನಿಂದ ಕೆಳಗಿನವರೆಗೆ ಕೈ ತೋರಿಸಿ, ಪೂರ್ತಿ, ಒಂದಿಂಚೂ ಬಿಡದೆ ಎಂದು ಹೇಳಿ ಯಾರನ್ನೋ ಕಾಣಲು ಕಾರಿನಲ್ಲಿ ಹೋದ. ರಾಯ್ನಾ ಕಾದಳು. ಮೇಲಿನ ಮಹಡಿಗಳಿಂದ ಕಪ್ಪು ನೀರು ಇಳಿಯಿತು, ಆಮೇಲೆ ಬೂದು ನೀರು, ಆಮೇಲೆ ಕೆನೆಯ ಬಣ್ಣದ ಕಲ್ಲು. ಮಂಚ ಬಾಗಿಲ ಮಟ್ಟಕ್ಕೆ ಇಳಿದಾಗ ಅವಳು ಹೊರಗೆ ಹೋಗಿ ಹಾಳೆಗೆ ಬೆನ್ನು ಕೊಟ್ಟು ನಿಂತಳು.

“ಅಮ್ಮಾ, ಪಕ್ಕಕ್ಕೆ ಬನ್ನಿ, ನೆಂದು ತೊಪ್ಪೆ ಆಗ್ತೀರಾ!” ಎಂದು ಪೈಪು ಹಿಡಿದ ದಪ್ಪ ಮನುಷ್ಯ ಕೂಗಿದ. ಅವನ ಹೆಸರು ಸಂದು ಎಂದು ಆಮೇಲೆ ತಿಳಿಯಿತು.

“ಆಗ್ಲಿ. ನನಗೇನು ನೀರು ಹೊಸದಾ?”

ಸಂದು ಯಂತ್ರ ನಿಲ್ಲಿಸಿದ. ಹತ್ತಿರ ಬಂದು ಅವಳ ಭುಜದ ಮೇಲಿಂದ ಇಣುಕಿದ. ಕಪ್ಪು ಅಂಚು ಕಂಡದ್ದೇ ಒದ್ದೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ತುಟಿಯಾಡಿಸುತ್ತ ಪೂರ್ತಿ ಓದಿದ.

“ನಲವತ್ತು ಇನ್ನೂ ಆಗಿಲ್ವಲ್ಲ.”

“ನಾಳೆ.”

“ಮೊದಲೇ ಹೇಳ್ಬಾರ್ದಾ ಅಮ್ಮಾ? ಹಿಂಗೆ ಸಿಪಾಯಿ ಥರ ನಿಂತ್ರೆ ನಾನೇನು ತಿಳ್ಕೊಳ್ಳಲಿ?”

“ನಿಮಗೆ ಮ್ಯಾನೇಜರ್ ಹೇಳ್ಲಿಲ್ವಾ? ಒಂದಿಂಚೂ ಬಿಡಬೇಡಿ ಅಂತ?”

“ಗೋಡೆ ತೊಳಿ ಅಂದ್ರು. ಸತ್ತೋರ್ನ ತೊಳಿ ಅಂದಿಲ್ಲ.” ಅವನು ಜೊತೆಯವನ ಕಡೆ ತಿರುಗಿ, “ಏಯ್, ವ್ಯಾನಲ್ಲಿರೋ ತಗಡು ತಾರೋ,” ಎಂದ.

ಜೊತೆಯವನು ತಗಡನ್ನು ಹಾಳೆಯ ಮುಂದೆ ಎರಡೂ ಕೈಯಲ್ಲಿ ಒತ್ತಿ ಹಿಡಿದ. ಸಂದು ಅದರ ಸುತ್ತ ತೊಳೆದ. ಬಾಗಿಲ ಮೇಲಿನ ಕಲ್ಲಿನ ಹೆಂಗಸರ ಮುಖದಿಂದ ಮಸಿ ಇಳಿಯಿತು. ಎಡಗಡೆಯವಳು ಸಣ್ಣಗೆ ನಗುತ್ತಿದ್ದಳೆಂದು ಅಲ್ಲಿ ಯಾರಿಗೂ ಅದುವರೆಗೆ ಗೊತ್ತಿರಲಿಲ್ಲ. ತಗಡು ತೆಗೆದಾಗ ಹೊಸ ಬೆಣ್ಣೆಯಂಥ ಗೋಡೆಯ ನಡುವೆ ಒಂದು ಕಪ್ಪು ಚೌಕ ಉಳಿದಿತ್ತು. ಚೌಕದ ಮಧ್ಯೆ ಮಿಂಕಾ, ಒಂದು ಹನಿಯೂ ಸೋಂಕದೆ, ಕೂದಲು ಹಾರಿಸಿಕೊಂಡು.

“ಈಗ ಚೌಕಟ್ಟೂ ಹಾಕಿಸ್ದಂಗಾಯ್ತು,” ಎಂದ ಆಗೋಪ್.

ಯಂತ್ರದವರು ಪೈಪು ಸುತ್ತಿಕೊಂಡು ಹೋದರು. ಊರಿನ ಇನ್ನೊಂದು ತುದಿಯಲ್ಲಿ ಹೋಟೆಲೊಂದು ಅವರಿಗಾಗಿ ಕಾದಿತ್ತು. ಹಬ್ಬದವರೆಗೆ ಒಂದು ದಿನವೂ ಬಿಡುವಿರಲಿಲ್ಲ.

ಬೋನೆವ್ ಬಂದಾಗ ರಾಯ್ನಾ ಎರಡನೇ ಮಹಡಿಯಲ್ಲಿ ದೀಪದ ಬುರುಡೆ ಸಿಕ್ಕಿಸುತ್ತಿದ್ದಳು. ಕಿಟಕಿಯಿಂದ ಕಂಡಳು: ಅವನು ಕಾರಿಳಿದ, ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿ ಹಿಗ್ಗಿದ, ಆಮೇಲೆ ನಿಂತುಬಿಟ್ಟ. ಅವನ ತುಟಿ ಏನನ್ನು ಆಡಿತೆಂದು ಗಾಜಿನ ಈಚೆಯಿಂದಲೇ ಅವಳಿಗೆ ಓದಲು ಬಂತು. ಅವನು ಫೋನು ಮಾಡಿದ, ಕೂಗಾಡಿದ, ಫೋನನ್ನು ಜೇಬಿಗೆ ತುರುಕಿದ. ನಂತರ ಗೋಡೆಯ ಹತ್ತಿರ ಹೋಗಿ ಹಾಳೆಯ ಮೂಲೆಗೆ ಉಗುರು ಹಾಕಿದ.

ಅವಳು ಮೆಟ್ಟಿಲು ಹೇಗಿಳಿದಳೋ ಅವಳಿಗೇ ನೆನಪಿಲ್ಲ. ಹೊರಗೆ ಬರುವಷ್ಟರಲ್ಲಿ ಕಾಗದ ಪಟ್ಟಿಪಟ್ಟಿಯಾಗಿ ಕೆಳಗೆ ಬಿದ್ದಿತ್ತು. ದಿಮೊನ ಮೈದಾ ಅಂಟು ಗಟ್ಟಿಯಾಗಿತ್ತು. ಮಿಂಕಾಳ ಹಣೆ ಮತ್ತು ಒಂದು ಕಣ್ಣು ಕಲ್ಲಿಗೇ ಹಿಡಿದುಕೊಂಡಿದ್ದವು. ಬೋನೆವ್ ಕಾರಿನ ಕೀಲಿಯಿಂದ ಆ ಕಣ್ಣನ್ನು ಕೆರೆದ.

ಬಾಗಿಲಲ್ಲಿ ನಿಂತ ಆಗೋಪ್, ಪರದೆ ಅಂಗಡಿಯ ಹುಡುಗಿಯರು ಎಲ್ಲರೂ ರಾಯ್ನಾ ಕೂಗುತ್ತಾಳೆಂದೇ ಕಾದರು.

ಬೋನೆವ್ ಒಂದು ಹೆಜ್ಜೆ ಹಿಂದೆ ಸರಿದ. ಆಗ ಅವನಿಗೆ ಕಂಡಿತು. ಕಾಗದ ಹೋಗಿತ್ತು, ಚೌಕ ಹೋಗಿರಲಿಲ್ಲ. ಬೆಳ್ಳಗಿನ ಅಷ್ಟು ದೊಡ್ಡ ಗೋಡೆಯಲ್ಲಿ ಅದೊಂದೇ ಕಪ್ಪಾಗಿ, ಬೀದಿಯ ಆ ತುದಿಯಿಂದಲೂ ಕಾಣುವ ಹಾಗೆ ಕೂತಿತ್ತು.

“ವೈರ್ ಬ್ರಷ್ ತನ್ನಿ,” ಎಂದ ಅವನು, ತಿರುಗದೆ. “ಸೋಪಿನ ನೀರು ತನ್ನಿ. ಇದನ್ನ ತಿಕ್ಕಿ.”

“ಇಲ್ಲ.”

“ಏನಂದ್ರಿ?”

“ಈ ಕಟ್ಟಡದಲ್ಲಿ ನಾನು ತಿಕ್ಕದೆ ಇರೋ ಜಾಗ ಇಲ್ಲ. ನಿಮ್ಮ ಕಕ್ಕಸು ತಿಕ್ಕಿದೀನಿ. ಹೊಸ ವರ್ಷದ ಪಾರ್ಟಿಲಿ ನೀವು ಲಿಫ್ಟಲ್ಲಿ ವಾಂತಿ ಮಾಡಿದ್ದನ್ನ ನಾನೂ ಅವಳೂ ತಿಕ್ಕಿದೀವಿ, ಯಾರಿಗೂ ಹೇಳಿಲ್ಲ. ಇದೊಂದು ಚೌಕ ತಿಕ್ಕಲ್ಲ.”

ಅಂಗಡಿಯ ಹುಡುಗಿಯರಲ್ಲಿ ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು.

“ಹಾಗಾದ್ರೆ ನಾಳೆಯಿಂದ ಬರಬೇಡಿ.”

“ನಾಳೆ ಬರ್ತೀನಿ. ಕೆಲಸಕ್ಕಲ್ಲ.”

ಬೋನೆವ್ ಕೋಟು ಬಿಚ್ಚಿ ತಾನೇ ಬ್ರಷ್ ಹಿಡಿದ. ಅಷ್ಟು ವರ್ಷದ ಮಸಿ ಕೈಗೆ ಜಗ್ಗುವಂಥದಲ್ಲ. ತಿಕ್ಕಿದಷ್ಟೂ ಅದು ನೊರೆಯ ಜೊತೆ ಕರಗಿ, ಕೆಳಗಿನ ಹೊಸ ಕಲ್ಲಿನ ಮೇಲೆ ಬೂದು ಗೆರೆಗಳಾಗಿ ನೆಲದವರೆಗೆ ಇಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಅವನು ಬ್ರಷ್ಷನ್ನು ಬಕೆಟ್ಟಿಗೆ ಎಸೆದು, ಯಾರ ಮುಖವನ್ನೂ ನೋಡದೆ ಒಳಗೆ ಹೋದ. ಚೌಕ ಇದ್ದಲ್ಲೇ ಇತ್ತು.

ರಾಯ್ನಾ ಕಲ್ಲುಹಾಸಿನ ಮೇಲೆ ಮಂಡಿಯೂರಿ ಒದ್ದೆ ಪಟ್ಟಿಗಳನ್ನು ಆರಿಸಿದಳು. ಮೆಟ್ಟಿಲ ಕೆಳಗಿನ ತಮ್ಮ ಕೋಣೆಯಲ್ಲಿ, ಕಪಾಟಿನ ಮೇಲೆ, ಮಿಂಕಾ ಕಿಟಕಿಗಳಿಂದ ಉಳಿಸಿಟ್ಟ ಪುಟಗಳ ಅಟ್ಟಿ ಹಾಗೇ ಇತ್ತು. ಪಟ್ಟಿಗಳನ್ನು ಅದರ ಮೇಲೆ ಹರಡಿ ಒಣಗಲು ಬಿಟ್ಟಳು.

ಶನಿವಾರ ಬೆಳಿಗ್ಗೆ ಟ್ರಾಲಿಬಸ್ಸಿನಿಂದ ದಿಮೊ ಇಳಿದಾಗ ಅವಳು ನಿಲ್ದಾಣದಲ್ಲೇ ಕಾದಿದ್ದಳು. ಅವನ ಒಂದು ಕೈಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆ, ಇನ್ನೊಂದರಲ್ಲಿ ಅಂಟಿನ ಡಬ್ಬಿ, ಕಂಕುಳಲ್ಲಿ ಸುರುಳಿ. ನಡೆದದ್ದನ್ನು ದಾರಿಯಲ್ಲೇ ಹೇಳಿಬಿಡಬೇಕೆಂದು ಅವಳು ರಾತ್ರಿಯೆಲ್ಲ ಮಾತು ಜೋಡಿಸಿಟ್ಟುಕೊಂಡಿದ್ದಳು.

“ದಿಮೊ ಭಾವ, ಒಂದ್ನಿಮಿಷ. ಅಲ್ಲಿಗೆ ಹೋಗೋ ಮುಂಚೆ...”

“ನಡಿ ತಂಗೀ, ಗೋಧಿ ತಣ್ಣಗಾಗುತ್ತೆ. ಅಕ್ರೋಟು ಜಾಸ್ತಿ ಹಾಕಿದೀನಿ. ಅವಳಾಗಿದ್ರೆ ಬೈದಿರೋಳು, ಯಾರಪ್ಪನ ಮನೇದು ಅಂತ.”

ಅವನ ಕಿವಿ ಮಂದ. ಮಾತಿಗೆ ಕಾಯದೆ ನಡೆದುಬಿಟ್ಟ. ಮೂಲೆ ತಿರುಗಿದಾಗ ಕಟ್ಟಡ ಬೆಳಗಿನ ಬಿಸಿಲಿಗೆ ಇಡಿಯಾಗಿ ಹೊಳೆಯಿತು. ದಿಮೊ ನಿಂತ. ಕಲ್ಲಿನ ಹೆಂಗಸರನ್ನು ನೋಡಿದ, ಬಾಗಿಲು ನೋಡಿದ, ಬಾಗಿಲ ಪಕ್ಕದ ಚೌಕ ನೋಡಿದ.

“ಜಾಗ ಬಿಟ್ಟಿದೀರಾ,” ಎಂದ ಅವನು. “ಗೋಡೆ ಎಲ್ಲಾ ತೊಳೆದು ಅವಳಿಗೆ ಅಂತ ಜಾಗ ಬಿಟ್ಟಿದೀರಾ. ಹಳೇದನ್ನ ತೆಗೆದು ಹೊಸದಕ್ಕೆ ಅಂತ. ದೇವರು ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರ್ಲಿ, ತಂಗೀ.”

ಜೋಡಿಸಿಟ್ಟುಕೊಂಡಿದ್ದ ಮಾತನ್ನು ರಾಯ್ನಾ ಬಿಟ್ಟುಬಿಟ್ಟಳು. ಈ ಮನುಷ್ಯನ ಕೃತಜ್ಞತೆಗೆ ಯೋಗ್ಯವಾದ ಒಂದು ಕೆಲಸವನ್ನೂ ಈ ಕಟ್ಟಡ ಮಾಡಿಲ್ಲವಲ್ಲ ಎನಿಸಿತು. ಅಂಟಿನ ಡಬ್ಬಿ ಹಿಡಿದು ನಿಂತಳು. ದಿಮೊ ಅಂಟು ಸವರಿದ. ಹೊಸ ಹಾಳೆ ಚೌಕದೊಳಗೆ ಅಳತೆ ಮಾಡಿದಂತೆ ಕೂತಿತು. ಸುತ್ತ ಬೆರಳಗಲದ ಕಪ್ಪು ಉಳಿಯಿತು.

ಬಾಗಿಲಲ್ಲೇ ಗೋಧಿ ಹಂಚಿದರು. ಅಂಗಡಿಯ ಹುಡುಗಿಯರು ಬಂದರು, ಶನಿವಾರವೂ ಕೆಲಸವಿದ್ದ ಹಲ್ಲಿನ ಡಾಕ್ಟರು ಬಂದರು, ಮೇಲಿನ ಲೆಕ್ಕಪತ್ರದ ಹೆಂಗಸರು ಬಂದರು. ಪ್ಲಾಸ್ಟಿಕ್ ಲೋಟದಲ್ಲಿ ಎರಡು ಚಮಚ ಗೋಧಿ, ಮೇಲೆ ಸಕ್ಕರೆ ಪುಡಿ. ತೆಗೆದುಕೊಂಡವರೆಲ್ಲ ವಾಡಿಕೆಯಂತೆ ತೀರಿದವಳ ಹೆಸರಿಗೆ, “ದೇವರು ಕ್ಷಮಿಸಲಿ,” ಎಂದರು.

ಬೋನೆವ್ ಕಾರಿಳಿದು ಬಂದದ್ದು ಆಗ. ಹಾಳೆಯನ್ನು ನೋಡಿದ. ಬಾಗಿಲ ತುಂಬ ಜನ, ಎಲ್ಲರ ಕೈಯಲ್ಲೂ ಲೋಟ, ಎಲ್ಲರೂ ಅವನನ್ನೇ ನೋಡುತ್ತಿದ್ದರು. ರಾಯ್ನಾ ಒಂದು ಲೋಟ ತುಂಬಿ ಅವನ ಮುಂದೆ ಹಿಡಿದಳು.

ತೀರಿದವರ ಹೆಸರಿನಲ್ಲಿ ಕೊಟ್ಟದ್ದನ್ನು ಬೇಡ ಎನ್ನಲು ಈ ಊರಲ್ಲಿ ಹುಟ್ಟಿದವನಿಗೆ ನಾಲಿಗೆ ಬರುವುದಿಲ್ಲ. ಅವನು ಕೈ ಚಾಚಿದ. ತೋರುಬೆರಳ ಉಗುರಿನಡಿ ನಿನ್ನೆಯ ಮಸಿ ಇನ್ನೂ ಇತ್ತು.

“ದೇವರು ಕ್ಷಮಿಸಲಿ,” ಎಂದು ಗೊಣಗಿದ.

“ಯಾರನ್ನ?” ಎಂದಳು ರಾಯ್ನಾ.

ಬೀದಿಯಲ್ಲಿ ಒಂದು ಟ್ರಾಲಿಬಸ್ಸು ಹಾದುಹೋಯಿತು. ಅದು ಹೋಗುವವರೆಗೂ ಅವಳು ಕಾದಳು, ಕಣ್ಣು ತೆಗೆಯದೆ.

“ಮಿಂಕಾಳನ್ನ,” ಎಂದ ಬೋನೆವ್.

“ಹಾಂ. ತಿನ್ನಿ ಈಗ.”

ಅವನು ತಿಂದ. ಸಕ್ಕರೆ ಪುಡಿ ಅವನ ಟೈ ಮೇಲೆ ಉದುರಿತು. ಅವನನ್ನು ಕಂಡರೆ ಅಯ್ಯೋ ಎನಿಸಬಹುದಾಗಿತ್ತು. ರಾಯ್ನಾಳಿಗೆ ಎನಿಸಲಿಲ್ಲ. ಏನೂ ಅರಿಯದ ದಿಮೊ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, “ಜಾಗ ಬಿಟ್ಟಿದ್ದಕ್ಕೆ ನಿಮ್ಮ ಉಪಕಾರ ಮರೆಯಲ್ಲ, ಸ್ವಾಮಿ,” ಎಂದಾಗ ಮಾತ್ರ ಅವಳು ಮುಖ ತಿರುಗಿಸಿಕೊಂಡಳು.

ಎಲ್ಲರೂ ಹೋದ ಮೇಲೆ ಅವಳು ಮೆಟ್ಟಿಲ ಕೆಳಗಿನ ಕೋಣೆಗೆ ಹೋದಳು. ತನ್ನ ಏಪ್ರನ್ನು, ಮಿಂಕಾಳ ಏಪ್ರನ್ನು, ಪುಟಗಳ ಅಟ್ಟಿ, ಒಣಗಿದ ಪಟ್ಟಿಗಳು, ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ಕೀಲಿಗೊಂಚಲನ್ನು ಆಗೋಪನ ಗೂಡಿನ ಕಿಟಕಿಯಲ್ಲಿಟ್ಟಳು.

“ಅವನು ನಿನ್ನೆ ಸಿಟ್ಟಲ್ಲಿ ಅಂದಿದ್ದು,” ಎಂದ ಆಗೋಪ್. “ಸೋಮವಾರ ಬಂದ್ರೆ ಸುಮ್ನಿರ್ತಾನೆ.”

“ಅವನು ಸುಮ್ನಿರ್ತಾನೆ. ನಾನಿರಲ್ಲ.”

ಅವಳು ಹೊರಗೆ ಬಂದಳು. ಹಿಂದೆ ಬಾಗಿಲು ಮುಚ್ಚಿಕೊಂಡಿತು. ತಿರುಗಿ ನೋಡಿದಾಗ ಬಾಗಿಲ ಗಾಜಿನ ಮೇಲೆ ಯಾರದೋ ಬೆರಳಿನ ಸಕ್ಕರೆಯ ಅಂಟು ಕಂಡಿತು. ಒಳಗಿನಿಂದ ಆಗೋಪ್ ನೋಡುತ್ತಿದ್ದ. ರಾಯ್ನಾ ಬೆರಳು ತೋರಿಸಿದಳು: ನಿನ್ನ ಕಡೆ. ಅವನು ಎದ್ದು ಬಂದು ತೋಳಿನಿಂದ ಉಜ್ಜಿದ. ಕಲೆ ಹೋಗಲಿಲ್ಲ. ಅವನು ತಲೆಯಾಡಿಸಿ ಅವಳ ಕಡೆಗೇ ಬೆರಳು ತೋರಿಸಿದ.

ಇಷ್ಟು ವರ್ಷದಲ್ಲಿ ಗಾಜು ಒರೆಸಲು ಅವಳು ಹೊರಗೆ, ಮಿಂಕಾಳ ಬದಿಯಲ್ಲಿ, ನಿಂತದ್ದು ಅದೇ ಮೊದಲು. ಚೀಲ ಕೆಳಗಿಟ್ಟು, ಏಪ್ರನ್ನಿನ ಅಂಚು ಹೊರಗೆಳೆದು, ಉಸಿರು ಊದಿ ಒರೆಸಿದಳು. ಪಕ್ಕದ ಚೌಕವನ್ನು ಮುಟ್ಟದೆ, ಗಾಜನ್ನಷ್ಟೇ.